ಮಲ್ಲಿಗೆ ಬಿಡಿಸೋಕೆ ಕಲೀತಿದೀನಿ, ಬಿಳಿ ಹೂವು ಪ್ರತಿ ಸಲ ಬೂದಿ ಬಣ್ಣ ಆಗ್ತಿದೆ. ವಾಟರ್‌ಕಲರ್ ಗೊತ್ತಿರೋರು ದಯವಿಟ್ಟು ಹೇಳಿ

ಬಳ್ಳಾರಿ_ಬಿಸಿಲು:
ಎಲ್ಲರಿಗೂ ನಮಸ್ಕಾರ. ಹೈಸ್ಕೂಲ್ ಡ್ರಾಯಿಂಗ್ ಪೀರಿಯಡ್ ಆದ್ಮೇಲೆ ಬ್ರಷ್ ಮುಟ್ಟಿದವಳಲ್ಲ ನಾನು, ಈಗ 43 ವರ್ಷ. ಮೂರು ತಿಂಗಳಿಂದ ವಾಟರ್‌ಕಲರಲ್ಲಿ ಹೂವು ಬಿಡಿಸೋಕೆ ಕೂತಿದೀನಿ, ದಿನಾ ರಾತ್ರಿ ಪಾತ್ರೆ ಎಲ್ಲ ಆದ್ಮೇಲೆ ಒಂದು ಗಂಟೆ. ಕಾರಣ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ನಂಗೆ ಯಾವುದೋ ಒಂದು ಹೂವು ಬಂದ್ರೆ ಸಾಲದು, ಮಲ್ಲಿಗೆನೇ ಬರಬೇಕು. ನಮ್ಮೂರು ಉಡುಪಿ ಹತ್ರ ಶಂಕರಪುರದ ಕಡೆ. ಅಮ್ಮ ಮಲ್ಲಿಗೆ ಗಿಡ ಸಾಕಿಯೇ ನಮ್ಮನ್ನ ಓದಿಸಿದ್ದು. ಬೆಳಕು ಹರಿಯೋ ಹೊತ್ತಿಗೆ ಮೊಗ್ಗು ಕೊಯ್ದು, ಬಾಳೆನಾರಲ್ಲಿ ಕಟ್ಟಿ, ಚೆಂಡು ಮಾಡಿ ಹೂವು ಕೊಳ್ಳೋ ಕಟ್ಟೆಗೆ ಕೊಟ್ಟು ಬರ್ತಿದ್ರು, ನಾಲ್ಕು ಚೆಂಡು ಆದ್ರೆ ಒಂದು ಅಟ್ಟೆ. ಈಗ ಮೊಣಕಾಲು ಆಗಲ್ಲ, ನನ್ನ ಜೊತೆ ಬಳ್ಳಾರಿಗೆ ಬಂದಿದಾರೆ, ಊರಲ್ಲಿ ಗಿಡ ನೋಡೋರಿಲ್ಲದೆ ಹೋಯ್ತು. ಅವರ ಮಂಚದ ಎದುರಿನ ಗೋಡೆಗೆ ಒಂದು ಮಲ್ಲಿಗೆ ಚೆಂಡಿನ ಚಿತ್ರ ನನ್ನ ಕೈಯಿಂದಲೇ ಬಿಡಿಸಿ ಹಾಕಬೇಕು ಅಂತ.

ಆದ್ರೆ ಆಗ್ತಿರೋದು ಏನಂದ್ರೆ, ಸ್ಟೇಷನರಿ ಅಂಗಡಿ ಡ್ರಾಯಿಂಗ್ ಶೀಟು ನೀರು ಮುಟ್ಟಿಸಿದ ತಕ್ಷಣ ಹಪ್ಪಳದ ಥರ ಡೊಂಕಾಗುತ್ತೆ, ಎರಡು ಸಲ ಬ್ರಷ್ ಆಡಿಸಿದ್ರೆ ನೂಲು ನೂಲಾಗಿ ಏಳುತ್ತೆ. ಬಣ್ಣ ಹರಡೋ ಮೊದಲೇ ಒಣಗಿ ಗೆರೆ ನಿಂತುಬಿಡುತ್ತೆ. ಬಾಕ್ಸಲ್ಲಿರೋ ಬಿಳಿ ಬಣ್ಣದಲ್ಲೇ ಮಲ್ಲಿಗೆ ಬಿಡಿಸಿ, ನೆರಳಿಗೆ ಸ್ವಲ್ಪ ಕಪ್ಪು ಸೇರಿಸಿದೆ, ಥೇಟ್ ಒಲೆ ಬೂದಿ ಕಂಡ ಹಾಗೆ ಕಂಡಿತು. ದಾಸವಾಳ ಟ್ರೈ ಮಾಡಿದ್ರೆ ಕೆಂಪೂ ಎಲೆ ಹಸಿರೂ ಸೇರಿ ಕೆಸರು. ಯಾವುದನ್ನ ಮೊದಲು ಸರಿ ಮಾಡ್ಕೊಳ್ಳಲಿ?

ಬಣ್ಣದ_ಮಾಸ್ತರ:
ತಂಗಿ, ನಾ ಧಾರವಾಡದಾಗ 28 ವರ್ಷ ಹೈಸ್ಕೂಲಿನ್ಯಾಗ ಡ್ರಾಯಿಂಗ್ ಕಲಿಸೀನಿ, ಈಗ ರಿಟೈರ್ ಆಗೇನಿ. ನಿಮ್ಮ ನಾಲ್ಕು ತೊಂದ್ರಿಯೊಳಗ ಎರಡು ನಿಮ್ಮ ತಪ್ಪಲ್ಲ, ಹಾಳಿದ್ದು. ಹಿಂದಾಗಡೆ 300 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳಿ 300 ಗ್ರಾಂ ತೂಗತೈತಿ) ಅಂತ ಬರೆದಿರೋ ವಾಟರ್‌ಕಲರ್ ಹಾಳಿ ತರ್ರಿ, ಕೋಲ್ಡ್ ಪ್ರೆಸ್ ಅಂತ ಕೇಳ್ರಿ, ಅದಕ್ಕ ಮ್ಯಾಲ ಸಣ್ಣಗ ತರಿತರಿ ಇರತೈತಿ. ಸಾದಾ ಡ್ರಾಯಿಂಗ್ ಶೀಟ್ ಅದರ ಅರ್ಧ ದಪ್ಪನೂ ಇರೂದಿಲ್ಲ. ದಪ್ಪ ಅಷ್ಟ ಅಲ್ರಿ, ವಾಟರ್‌ಕಲರ್ ಹಾಳಿಗೆ ಸೈಜಿಂಗ್ ಅಂತ ಒಂದು ಅಂಟು ಕೊಟ್ಟಿರತಾರ, ನೀರ ಒಮ್ಮಿಗೇ ಹೀರಿಕೊಳ್ಳಬಾರದು ಅಂತ. ಮನಿಯೊಳಗ ಪರೀಕ್ಷೆ ಮಾಡ್ರಿ: ನಿಮ್ಮ ಹಳೇ ಶೀಟಿನ ಮ್ಯಾಲ ಒಂದು ಹನಿ ನೀರ ಬಿಡ್ರಿ, ಪಟ್ನ ಇಂಗಿ ಹೋದ್ರ ಅದರ ಮ್ಯಾಲ ಯಾವ ದೊಡ್ಡ ಕಲಾವಿದ ಬಂದ್ರೂ ಹೂವು ಅರಳಂಗಿಲ್ಲ. ಚೊಲೋ ಹಾಳಿ ಮ್ಯಾಲ ಆ ಹನಿ ಕೆಸವಿನ ಎಲಿ ಮ್ಯಾಲ ಕೂತಂಗ ಸ್ವಲ್ಪ ಹೊತ್ತು ಕೂಡತೈತಿ.

ನಾಲ್ಕೂ ಕಡೆ ಮಾಸ್ಕಿಂಗ್ ಟೇಪ್ ಹಚ್ಚಿ ರಟ್ಟಿಗೋ ಹಲಗಿಗೋ ಬಿಗೀರಿ. ಪೂರ್ತಿ ಒಣಗೂತನಕ ಟೇಪ್ ತಗೀಬ್ಯಾಡ್ರಿ.

ಜಯನಗರ_ನಾಲ್ಕನೇ_ಬ್ಲಾಕ್:
ಮಾಸ್ತರ್ ಹೇಳಿದ್ದು ಸರಿ ಆದ್ರೆ ಒಂದು ಮಾತು. ನಾನು ಶುರು ಮಾಡಿದಾಗ ಯಾರೋ ಹೇಳಿದ್ರು ಅಂತ ನೇರವಾಗಿ ಆರ್ಶ್ ಅನ್ನೋ ದುಬಾರಿ ಕಂಪನಿಯ 100% ಕಾಟನ್ ಹಾಳೆ ಪ್ಯಾಡ್ ತಗೊಂಡೆ, ತಗೊಂಡು ಆರು ತಿಂಗಳು ಅದನ್ನ ಬಿಚ್ಚಲೇ ಇಲ್ಲ, ಹಾಳಾದ್ರೆ ಅಂತ ಭಯ. ಅದಕ್ಕೆ ಬಿಗಿನರ್ಸ್‌ಗೆ 25% ಕಾಟನ್ ಇರೋದು ಸಾಕು ಅನ್ಸುತ್ತೆ, ಬ್ರುಸ್ಟ್ರೋ ಕಂಪನಿದು ಆ ಥರದ್ದು ಸಿಗುತ್ತೆ, ಕೈ ಬಿಚ್ಚಿ ಬಿಡಿಸಬಹುದು. ಭಯದಲ್ಲಿ ಬಿಡಿಸಿದ ಹೂವು ಮುದುಡಿಕೊಂಡೇ ಇರುತ್ತೆ ಮೇಡಂ.

ಬಣ್ಣದ_ಮಾಸ್ತರ:
ಭಯದ ಮಾತು ಖರೆ ಐತಿ. ಆದ್ರ ನಾ ಮಕ್ಕಳಿಗೆ ಇನ್ನೊಂದು ಹೇಳ್ತಿದ್ದೆ. ಕಾಟನ್ ಹಾಳಿ ಫುಲ್ ಶೀಟ್ 22×30 ಇಂಚು ಬರತೈತಲ್ಲ, ಒಂದ ತಂದು ಎಂಟು ತುಂಡು ಮಾಡ್ರಿ, 7.5×11 ಇಂಚಿನವು ಎಂಟು ಬರತಾವ, ಎರಡೂ ಮಗ್ಗಲ ಬಳಸಿದ್ರ ಹದಿನಾರು. ಮೊಗ್ಗು, ಎಲಿ ಅಭ್ಯಾಸಕ್ಕ ತುಟ್ಟಿ ಅಲ್ಲದ ಹಾಳಿ, ವಾರಕ್ಕೊಮ್ಮೆ ಒಂದು ತುಂಡು ಚೊಲೋ ಹಾಳಿ. ಚೊಲೋ ಹಾಳಿ ಮ್ಯಾಲ ನೀರ ಹೆಂಗ ನಡೀತೈತಿ ಅನ್ನೂದು ಕೈಗೆ ಒಮ್ಮೆ ಗೊತ್ತಾಗಬೇಕ್ರಿ, ಇಲ್ಲಾಂದ್ರ ಹಾಳಿ ತಪ್ಪು ಯಾವುದು ಕೈ ತಪ್ಪು ಯಾವುದು ಅಂತ ಜನ್ಮಕ್ಕೂ ತಿಳಿಯಂಗಿಲ್ಲ.

ಕಡಲಕರೆ:
ಬಳ್ಳಾರಿ ಅಕ್ಕ, ನಿಮ್ಮದಕ್ಕೆ ಪೂರಾ ಉಲ್ಟಾ ಕತೆ ನನ್ನದು. ನಾನಿರುದು ಮಂಗಳೂರಲ್ಲಿ. ಜುಲೈ ತಿಂಗಳಲ್ಲಿ ಒಂದು ವಾಶ್ (ನೀರು ಜಾಸ್ತಿ ಇರುವ ತೆಳು ಬಣ್ಣದ ಪದರ) ಹಾಕಿ ಊಟ ಮಾಡಿ ಬಂದ್ರೂ ಹಾಳೆ ಒದ್ದೆಯೇ ಉಂಟು. ಹಾಗಾಗಿ ಎಲ್ಲಿಯೋ ಕೂತು ಯಾರೋ ಹೇಳಿದ "ಐದು ನಿಮಿಷ ಕಾಯಿರಿ" ಅನ್ನುದನ್ನ ನಂಬಬೇಡಿ ಆಯ್ತಾ, ಅವರ ಐದು ನಿಮಿಷ ನಮ್ಮ ಮಳೆಗಾಲದಲ್ಲಿ ಅರ್ಧ ಗಂಟೆ, ನಿಮ್ಮ ಏಪ್ರಿಲಲ್ಲಿ ಅರ್ಧ ನಿಮಿಷ. ಗಡಿಯಾರ ನೋಡುದಲ್ಲ, ಹಾಳೆಯ ಹೊಳಪು ನೋಡುದು. ಹಾಳೆಯನ್ನ ಕಣ್ಣಿನ ಮಟ್ಟಕ್ಕೆ ಓರೆ ಹಿಡಿಯಿರಿ, ನೀರು ಕೆರೆಯ ಹಾಗೆ ಮಿರಿಮಿರಿ ಮಿಂಚಿದ್ರೆ ಬಣ್ಣ ಎಲ್ಲಿಗೆ ಬೇಕಾದ್ರೂ ಓಡ್ತದೆ. ಮಿಂಚು ಕಮ್ಮಿಯಾಗಿ ಒದ್ದೆ ಬಟ್ಟೆಯ ಹಾಗೆ ಆದಾಗ ಬಣ್ಣ ಮೆತ್ತಗೆ ಹರಡಿ ನಿಲ್ತದೆ, ಎಸಳಿನ ಒಳಗಿನ ನೆರಳಿಗೆ ಅದೇ ಸಮಯ. ಹೊಳಪು ಪೂರ್ತಿ ಹೋಯ್ತು ಆದ್ರೆ ಮುಟ್ಟಿದ್ರೆ ತಂಪು ಅಂತಾದ್ರೆ ಕೈ ಕಟ್ಟಿ ಕೂತುಕೊಳ್ಳಿ, ಆಗ ಬ್ರಷ್ ತಾಗಿಸಿದ್ರೆ ಹಾಳಾಗುದೇ. ಬೆರಳಿನ ಹಿಂಬದಿಯಲ್ಲಿ ಮುಟ್ಟಿ ನೋಡಿ, ತಂಪು ಹೋದ ಮೇಲೆಯೇ ಮುಂದಿನ ಪದರ.

ಮತ್ತೆ ಬಿಸಿಲೂರಿಗೆ ಒಂದು ಉಪಾಯ. ಹಾಳೆಯ ಹಿಂದೆ ಮುಂದೆ ಎರಡೂ ಬದಿ ಒದ್ದೆ ಮಾಡಿ ಪ್ಲಾಸ್ಟಿಕ್ ಶೀಟಿನ ಮೇಲೋ ಸ್ಟೀಲ್ ತಟ್ಟೆಯ ಬೆನ್ನ ಮೇಲೋ ಅಂಟಿಸಿ ಕೂರಿಸಿ. ಕೆಳಗಿನ ನೀರು ಮೇಲಿನದ್ದನ್ನ ಬೇಗ ಒಣಗಲಿಕ್ಕೆ ಬಿಡುದಿಲ್ಲ. ಫ್ಯಾನ್ ಆಫ್ ಮಾಡಿ, ಸೆಕೆ ಆಗ್ತದೆ ಗೊತ್ತು, ಆದ್ರೆ ಇಪ್ಪತ್ತು ನಿಮಿಷ ತಡ್ಕೊಳ್ಳಿ.

ಶಂಕರಪುರ ಅಂದ್ರಲ್ಲ, ನಮ್ಮ ಮನೆಯಲ್ಲಿ ಈಗಲೂ ಹಬ್ಬಕ್ಕೆ ಅಲ್ಲಿಯದ್ದೇ ಮಲ್ಲಿಗೆ. ಅಮ್ಮನಿಗೆ ನಮಸ್ಕಾರ ಹೇಳಿ.

ಶಂಖಪುಷ್ಪ:
ಕೆಸರು ಬಣ್ಣದ ಬಗ್ಗೆ ನಾನು ಹೇಳ್ತೀನಿ, ಒಂದು ವರ್ಷ ಅದರಲ್ಲೇ ಮುಳುಗಿದ್ದೆ. ನಮ್ಮ ಹಿತ್ತಲ ಶಂಖಪುಷ್ಪದ ನೇರಳೆ ಎಷ್ಟು ಮಾಡಿದ್ರೂ ಕಂದು ಆಗ್ತಿತ್ತು. ಕಾರಣ ಗೊತ್ತಾದ ದಿನ ನಿದ್ದೆನೇ ಬರಲಿಲ್ಲ ಖುಷಿಗೆ. ಕ್ಯಾಮೆಲ್ ಬಾಕ್ಸಲ್ಲಿ ಎರಡು ಕೆಂಪು ಇರುತ್ತೆ ನೋಡಿ, ವರ್ಮಿಲಿಯನ್ ಮತ್ತು ಕ್ರಿಮ್ಸನ್. ವರ್ಮಿಲಿಯನ್ ಅಂದ್ರೆ ಕುಂಕುಮದ ಕೆಂಪು, ಅದರೊಳಗೆ ಹಳದಿ ಅಡಗಿದೆ, ಕ್ರಿಮ್ಸನ್ ಬೀಟ್‌ರೂಟ್ ಕಡೆ ವಾಲುತ್ತೆ. ನೇರಳೆ ಬೇಕಾದ್ರೆ ಕ್ರಿಮ್ಸನ್ ಮತ್ತು ಅಲ್ಟ್ರಾಮರೀನ್ ಮಾತ್ರ. ವರ್ಮಿಲಿಯನ್ ಹಾಕಿದ್ರೆ ಅಡಗಿದ್ದ ಹಳದಿ ಬಂದು ಮೂರೂ ಮೂಲ ಬಣ್ಣ ಸೇರಿ ಕಂದು. ಹಾಗೇನೆ ನೀಲಿ, ಅಲ್ಟ್ರಾಮರೀನ್ ನೇರಳೆ ಕಡೆಯದು, ಪ್ರಶಿಯನ್ ಬ್ಲೂ ಹಸಿರಿನ ಕಡೆಯದು. ಎಲೆಗೆ ಪ್ರಶಿಯನ್ ಜೊತೆ ಗ್ಯಾಂಬೋಜ್ ಹಳದಿ ಸೇರಿಸಿ, ಹಸಿರು ತುಂಬಾ ಕಿರುಚಿದ ಹಾಗೆ ಕಂಡ್ರೆ ಬ್ರಷ್ ತುದಿಯಷ್ಟು ಕೆಂಪು ಮುಟ್ಟಿಸಿ, ನಿಜವಾದ ಎಲೆ ಆಗಿಬಿಡುತ್ತೆ.

ಅಂದಹಾಗೆ ಗ್ಯಾಂಬೋಜ್ ಅಂದ್ರೆ ಮೂಲತಃ ಒಂದು ಮರದ ಹಾಲು, ನಮ್ಮ ಮುರುಗಲು ಉಪ್ಪಾಗೆ ಇದಾವಲ್ಲ ಅದೇ ಕುಲದ ಮರ. ಕಾಂಬೋಡಿಯಾ ಕಡೆಯಿಂದ ಯುರೋಪಿಗೆ ಹೋಗಿದ್ದಕ್ಕೆ ಆ ಹೆಸರು. ಈಗ ಟ್ಯೂಬಲ್ಲಿ ಬರೋದು ಅದೇ ಬಣ್ಣ ಕಾಣೋ ಹಾಗೆ ಬೇರೆ ಪಿಗ್ಮೆಂಟಲ್ಲಿ ಮಾಡಿರೋದು. ಅಜ್ಜಿ ಮುರುಗಲು ಸಾರು ಮಾಡೋವಾಗೆಲ್ಲ ನಂಗೆ ಇದು ನೆನಪಾಗುತ್ತೆ.

ದಾಸವಾಳ ಎಲೆ ಕೆಸರಾಗೋದು ಬೇರೆ ಕಾರಣಕ್ಕೆ. ಕೆಂಪು ಹಸಿರು ಎದುರುಬದುರು ಬಣ್ಣ, ಒಂದನ್ನೊಂದು ತಿಂದುಹಾಕುತ್ತೆ. ಹೂವು ಪೂರ್ತಿ ಒಣಗದೆ ಪಕ್ಕದ ಎಲೆ ಮುಟ್ಟಬೇಡಿ ಅಷ್ಟೆ. ಎರಡು ಲೋಟ ನೀರು ಇಟ್ಕೊಳ್ಳಿ, ಒಂದು ತೊಳೆಯೋಕೆ ಒಂದು ಬಣ್ಣ ಕಲಸೋಕೆ.

ಪುಟ್ಟಿ_ಅಮ್ಮ:
ನಾನೂ ಹೊಸಬಳು, ಮಗಳ ಜೊತೆ ಕೂತು ಕಲೀತಿದೀನಿ. ಬ್ರಷ್ ಯಾವುದು ತಗೋಬೇಕು ಯಾರಾದ್ರೂ ಹೇಳ್ತೀರಾ? ಸೆಟ್ಟಲ್ಲಿ ಹನ್ನೆರಡು ಬಂದಿದೆ, ಎಲ್ಲದರದೂ ಕೂದಲು ಉದುರ್ತಿದೆ, ಹಾಳೆ ತುಂಬ ಕೂದಲು.

ಬಣ್ಣದ_ಮಾಸ್ತರ:
ಹನ್ನೆರಡು ಬ್ಯಾಡ್ರಿ. ಎರಡ ಸಾಕು. 8 ನಂಬರ್ ರೌಂಡ್ ಒಂದು, 4 ನಂಬರ್ ರೌಂಡ್ ಒಂದು, ಸಿಂಥೆಟಿಕ್. ಅಂಗಡ್ಯಾಗ ನಿಂತ ನೀರಾಗ ಅದ್ದಿ ಝಾಡಿಸಿ ನೋಡ್ರಿ, ತುದಿ ಮಲ್ಲಿಗಿ ಮೊಗ್ಗಿನಂಗ ಚೂಪ ಕೂಡಿದ್ರ ತಗೋರಿ, ಎರಡ ಆಗಿ ಒಡದ್ರ ಬಿಡ್ರಿ. ಬ್ರಷ್ ಹೊಟ್ಟಿ ದೊಡ್ಡದಿದ್ರ ನೀರ ಹಿಡೀತೈತಿ, ಒಂದ ಸಲ ಅದ್ದಿ ಒಂದ ಎಸಳು ಪೂರ್ತಿ ಹಾಕಬಹುದು. ಸಣ್ಣ ಬ್ರಷಿನಿಂದ ಹೊಸಬರು ಎಸಳನ್ನ ಕೆರದು ಕೆರದು ಹಾಕತಾರ, ಅದಕ್ಕ ಜೀವ ಬರೂದಿಲ್ಲ.

ಇನ್ನೊಂದು, ಇದನ್ನ ಎಲ್ಲಾರಿಗೂ ಕೈಮುಗದು ಹೇಳತೀನಿ. ಯಾರಾದ್ರೂ ಅಸಲಿ ಕೂದಲಿಂದು ಅಂತ ಕಂದು ಬಿಳಿ ಪಟ್ಟಿ ಪಟ್ಟಿ ಇರೂ ಬ್ರಷ್ ಕೊಟ್ರ ತಗೋಬ್ಯಾಡ್ರಿ, ಅದು ಮುಂಗುಸಿ ಕೂದಲು ಇರಬಹುದು. ಆ ಕೂದಲಿಗಾಗಿ ಮುಂಗುಸಿನ್ನ ಕೊಲ್ಲತಾರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನ ಮಾರೂದು ಅಪರಾಧ, ಇಟ್ಟುಕೊಳ್ಳೂದೂ ಅಪರಾಧ. ನಾವು ಸಣ್ಣವರಿದ್ದಾಗ ಇದು ಗೊತ್ತಿರಲಿಲ್ಲ, ಅದರಿಂದನ ಬಿಡಿಸೀವಿ, ಈಗ ನೆನಸಿದ್ರ ಸಂಕಟ ಆಗತೈತಿ. ಸಿಂಥೆಟಿಕ್ ಈಗ ಭಾಳ ಸುಧಾರಿಸ್ಯಾವ.

ಪುಟ್ಟಿ_ಅಮ್ಮ:
ಅಯ್ಯೋ ಇದು ಗೊತ್ತೇ ಇರಲಿಲ್ಲ ಸರ್. ಮಗಳಿಗೂ ಹೇಳ್ದೆ. ಧನ್ಯವಾದ.

ಬಳ್ಳಾರಿ_ಬಿಸಿಲು:
ಇಷ್ಟು ಜನ ಇಷ್ಟು ಸಮಾಧಾನವಾಗಿ ಬರೆದಿದ್ದು ನೋಡಿ ಮನಸ್ಸು ತುಂಬಿತು. 300 ಜಿಎಸ್‌ಎಂ ಹಾಳೆ ತಂದೆ. ಹನಿ ನೀರಿನ ಪರೀಕ್ಷೆ ಮಾಡಿದೆ ಮಾಸ್ತರೆ, ಹಳೇ ಶೀಟಲ್ಲಿ ಕ್ಷಣದಲ್ಲಿ ಇಂಗಿತು, ಹೊಸದರಲ್ಲಿ ಗುಂಡಗೆ ಕೂತಿತ್ತು. ಮೂರು ತಿಂಗಳು ನನ್ನ ಕೈಯೇ ಸರಿ ಇಲ್ಲ ಅಂದ್ಕೊಂಡಿದ್ದೆ.

ನಿನ್ನೆ ದಾಸವಾಳ ಬಿಡಿಸಿದೆ. ಬೆಳಗ್ಗೆ ಕಾಂಪೌಂಡಲ್ಲಿ ಅರಳಿದ್ದನ್ನ ಕಿತ್ತು ಲೋಟದಲ್ಲಿಟ್ಟು, ಭಾನುವಾರ ಆದ್ದರಿಂದ ಹತ್ತು ಗಂಟೆಗೇ ಕೂತೆ, ಸಂಜೆಗೆ ಮುದುಡಿಬಿಡುತ್ತಲ್ಲ. ಕಡಲಕರೆಯವರು ಹೇಳಿದ ಹಾಗೆ ತಟ್ಟೆ ಬೆನ್ನ ಮೇಲೆ ಹಾಳೆ ಕೂರಿಸಿ, ಫ್ಯಾನ್ ಆಫ್ ಮಾಡಿ. ಮೊದಲ ಸಲ ಕೆಂಪು ತನ್ನಷ್ಟಕ್ಕೆ ತಾನೇ ಹರಡಿದ್ದು ನೋಡಿದೆ, ನಾನು ಬ್ರಷ್ ಆಡಿಸಲೇ ಇಲ್ಲ, ಎಸಳಿನ ಅಂಚಲ್ಲಿ ತೆಳು, ಬುಡದಲ್ಲಿ ದಟ್ಟ, ಅದೇ ಹೋಗಿ ಕೂತ್ಕೊಳ್ತು. ಅಮ್ಮನ್ನ ಕರೆದು ತೋರಿಸಿದೆ. ಆದ್ರೆ ಎರಡು ಎಸಳಲ್ಲಿ ಬಣ್ಣ ಕಮ್ಮಿ ಅನ್ಸಿ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದಿಷ್ಟು ಮುಟ್ಟಿಸಿದೆ, ಅಲ್ಲಿ ಹೊಳೆದಡ ಕೊರೆದ ಹಾಗೆ ಹಲ್ಲುಹಲ್ಲಾದ ಅಂಚು ಬಂದುಬಿಡ್ತು. ಮತ್ತೆ ಒಣಗಿದ್ಮೇಲೆ ಕೆಂಪು ಮಂಕಾಯ್ತು, ಒದ್ದೆ ಇದ್ದಾಗ ಎಷ್ಟು ಚೆನ್ನಾಗಿತ್ತು. ಮಲ್ಲಿಗೆ ಕಡೆ ಇನ್ನೂ ಹೋಗಿಲ್ಲ, ಧೈರ್ಯ ಸಾಲ್ತಿಲ್ಲ.

ಕಡಲಕರೆ:
ಆ ಹಲ್ಲುಹಲ್ಲು ಅಂಚಿಗೆ ಕಾರಣ ಒಂದೇ, ಹಾಳೆಯಲ್ಲಿ ಇದ್ದ ನೀರಿಗಿಂತ ಬ್ರಷಲ್ಲಿ ನೀರು ಜಾಸ್ತಿ ಇತ್ತು. ಜಾಸ್ತಿ ಇರುವ ಕಡೆಯಿಂದ ಕಮ್ಮಿ ಇರುವ ಕಡೆಗೆ ನೀರು ನುಗ್ಗಿ ಅಲ್ಲಿದ್ದ ಬಣ್ಣವನ್ನ ದೂಡಿಕೊಂಡು ಹೋಗ್ತದೆ, ಮಳೆಗಾಲದಲ್ಲಿ ತೋಡಿನ ನೀರು ಮಣ್ಣು ದೂಡುದಿಲ್ವಾ, ಹಾಗೆ. ಎರಡನೇ ಸಲ ಬಣ್ಣ ಹಾಕುವಾಗ ಬ್ರಷನ್ನ ಹಳೇ ಕಾಟನ್ ಬಟ್ಟೆಗೆ ಒಮ್ಮೆ ಒರಸಿ, ಬಣ್ಣ ಗಟ್ಟಿ ಇರಲಿ. ನೀರುದೋಸೆ ಹಿಟ್ಟಿನ ಹದದಲ್ಲಿ ಮೊದಲ ಪದರ ಹಾಕಿದ್ರೆ ಎರಡನೇದು ಉದ್ದಿನ ದೋಸೆ ಹಿಟ್ಟಿನ ಹದ.

ಒಣಗಿದಾಗ ಮಂಕಾಗುದು ಎಲ್ಲರಿಗೂ ಆಗ್ತದೆ. ಬೇಕಾದ್ದಕ್ಕಿಂತ ಒಂದು ಪಾಲು ದಟ್ಟ ಕಲಸಿ.

ಬಣ್ಣದ_ಮಾಸ್ತರ:
ದಾಸವಾಳಕ್ಕ ಇನ್ನೊಂದು ಸೇರಸತೀನಿ. ಮೊದಲ ತೆಳ್ಳಗ ವರ್ಮಿಲಿಯನ್, ಅದು ಒಣಗಿದ ಮ್ಯಾಲ ಕ್ರಿಮ್ಸನ್. ಕೆಳಗಿನ ಬಿಸಿ ಕೆಂಪು ಮ್ಯಾಲಿನ ಕೆಂಪಿನೊಳಗಿಂದ ಇಣುಕತೈತಿ, ಬಿಸಿಲಾಗ ಹಿಡದ ಎಸಳಿನಂಗ ಕಾಣತೈತಿ. ನೆರಳಿಗೆ ಕಪ್ಪ ಬ್ಯಾಡ, ಕ್ರಿಮ್ಸನ್‌ಗೆ ಒಂಚೂರು ಪ್ರಶಿಯನ್ ಬ್ಲೂ. ಎಸಳ ಮ್ಯಾಲಿನ ನಿರಿಗಿಗಳನ್ನ ಗೆರಿ ಹೊಡದು ತೋರಿಸಬ್ಯಾಡ್ರಿ. ಬಣ್ಣ ಅರೆ ಒದ್ದಿ ಇದ್ದಾಗ ಹಿಂಡಿದ ಖಾಲಿ ಬ್ರಷ್ ಎಳೀರಿ, ಅಲ್ಲಿ ಬಣ್ಣ ಎದ್ದು ತಿಳಿ ಗೆರಿ ಬರತೈತಿ. ನಡುವಿನ ಕೋಲಿನ ತುದಿಗೆ ಐದು ಕೆಂಪು ಗುಂಡು ಇರತಾವ, ಎಣಿಸಿ ಹಾಕ್ರಿ, ಅದರ ಕೆಳಗ ಹಳದಿ ಪರಾಗದ ಚುಕ್ಕಿ. ನೋಡದ ಅಂದಾಜಿಗೆ ಹಾಕಿದ್ರ ಯಾವ ಹೂವಾದ್ರೂ ಪ್ಲಾಸ್ಟಿಕ್ ಹೂವು ಆಗತೈತಿ.

ತುಂಗಾತೀರ:
ಈ ಥ್ರೆಡ್ ಎರಡು ದಿನದಿಂದ ಓದ್ತಿದೀನಿ, ಬರೀಬೇಕೋ ಬೇಡ್ವೋ ಅಂತ ಯೋಚಿಸ್ತಿದ್ದೆ. ಮಾಸ್ತರ್ ಹೇಳಿದ "ನೋಡಿ ಬಿಡಿಸಿ" ಅನ್ನೋದಕ್ಕೆ ನಮ್ಮ ಶಿವಮೊಗ್ಗದ್ದೇ ಒಂದು ಕಥೆ ಇದೆ. 1840ರ ದಶಕದಲ್ಲಿ ಹ್ಯೂ ಕ್ಲೆಗಾರ್ನ್ ಅನ್ನೋ ಸ್ಕಾಟ್ಲೆಂಡಿನ ಡಾಕ್ಟರು ಇಲ್ಲಿದ್ರು, ಗಿಡಗಳ ಹುಚ್ಚು ಅವರಿಗೆ. ಒಬ್ಬ ಮರಾಠಿ ಚಿತ್ರಕಾರನನ್ನ ಇಟ್ಕೊಂಡು ದಿನಕ್ಕೊಂದು ಗಿಡ ಅಂತ ಬಿಡಿಸಿಸಿದ್ರು. ಆ ಸಂಗ್ರಹ ಈಗ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿದೆ. ಆ ಕಾಲದಲ್ಲಿ ಮದ್ರಾಸ್ ಕಡೆ ರಂಗಯ್ಯ, ಗೋವಿಂದು ಅನ್ನೋ ಇಬ್ಬರು ರಾಬರ್ಟ್ ವೈಟ್ ಎಂಬ ಸಸ್ಯಶಾಸ್ತ್ರಜ್ಞನಿಗೆ ಬಿಡಿಸಿಕೊಟ್ಟಿದ್ದು ಇವತ್ತಿಗೂ ಪುಸ್ತಕಗಳಲ್ಲಿದೆ. ಆಮೇಲೆ ಲಾಲ್‌ಬಾಗಲ್ಲಿ ಜಾನ್ ಕ್ಯಾಮರಾನ್ ಇದ್ದ ಕಾಲದಲ್ಲಿ ಚೆಲುವಯ್ಯ ರಾಜು ಅಂತ ಕಲಾವಿದರು ಅಲ್ಲಿಯ ಗಿಡಗಳನ್ನ ಬಿಡಿಸ್ತಿದ್ರು. ನಮ್ಮ ಶಿವಮೊಗ್ಗದ ಆ ಮರಾಠಿ ಚಿತ್ರಕಾರ, ಹೆಸರು ಕೂಡ ಇಲ್ಲದೆ ಹೋದವನು, ತುಂಗೆ ದಡದಲ್ಲಿ ಕೂತು ದಿನಕ್ಕೊಂದು ಗಿಡ ನೋಡ್ತಿದ್ದ ಅನ್ನೋದು ನೆನೆಸಿಕೊಂಡ್ರೇ ನಂಗೆ ಬ್ರಷ್ ಹಿಡಿಯೋ ಮನಸ್ಸಾಗುತ್ತೆ.

ಈಗ ಮಲ್ಲಿಗೆ. ಅಕ್ಕ, ನೀವು ಮಲ್ಲಿಗೆನ ಬಿಡಿಸೋಕೆ ಹೋಗ್ತಿದೀರ, ಅದೇ ತೊಂದರೆ. ವಾಟರ್‌ಕಲರಲ್ಲಿ ಬಿಳಿ ಅಂದ್ರೆ ಹಾಳೆನೇ. ಮಲ್ಲಿಗೆಯ ಸುತ್ತ ಇರೋದನ್ನ ಬಿಡಿಸಿ, ಮಲ್ಲಿಗೆ ಉಳಿಯುತ್ತೆ. ಹೀಗೆ ಮಾಡಿ ನೋಡಿ: ತೆಳು ಪೆನ್ಸಿಲಲ್ಲಿ ಒಂದೇ ಒಂದು ಮೊಗ್ಗಿನ ಆಕಾರ ಬರೆಯಿರಿ, ಒತ್ತಬೇಡಿ. ಮೊಗ್ಗಿನೊಳಗೆ ಏನೂ ಹಾಕಬೇಡಿ. ಹೊರಗಡೆ, ಮೊಗ್ಗಿನ ಅಂಚಿಗೆ ಸರಿಯಾಗಿ, ದಟ್ಟ ಹಸಿರು ಹಚ್ಚಿ, ಹಚ್ಚಿದ ತಕ್ಷಣ ಹೊರಗಿನ ತುದಿನ ಬರೀ ನೀರಿನ ಬ್ರಷಲ್ಲಿ ಎಳೆದು ಕರಗಿಸಿ. ಒಳಗಿನ ಅಂಚು ಚೂಪು, ಹೊರಗಿನ ಅಂಚು ಮಂಜು. ಹಾಳೆ ತಿರುಗಿಸ್ತಾ ಇರಿ, ಕೈಯನ್ನ ತಿರುಚಬೇಡಿ. ಒಣಗಿದ್ಮೇಲೆ ದೂರ ಇಟ್ಟು ನೋಡಿ.

ಮೊಗ್ಗಿನ ನೆರಳಿಗೆ ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನ್ನಾ (ಕೆಂಗಂದು ಬಣ್ಣ) ಸೇರಿಸಿ, ಅಕ್ಕಿ ತೊಳೆದ ನೀರಿನಷ್ಟು ತೆಳು. ಅದೂ ಒಂದೇ ಪಕ್ಕ, ಬೆಳಕು ಬರೋ ಕಡೆ ಮುಟ್ಟಲೇಬೇಡಿ. ಬುಡದಲ್ಲಿ ತೊಟ್ಟಿನ ಹತ್ರ ಹಳದಿಹಸಿರು ಒಂದು ಹನಿ. ಬಿಳಿ ಹೂವಿನ ನೆರಳು ಪಕ್ಕದಲ್ಲಿರೋದರ ಬಣ್ಣ ತಗೊಳ್ಳುತ್ತೆ, ಎಲೆ ಪಕ್ಕ ಇದ್ರೆ ಹಸಿರು ಛಾಯೆ, ಆಕಾಶದ ಕಡೆ ಇದ್ರೆ ನೀಲಿ.

ಜಯನಗರ_ನಾಲ್ಕನೇ_ಬ್ಲಾಕ್:
ಇದು ಒಪ್ಪಿದೆ, ಆದ್ರೂ ಒಂದು ಚೆಂಡಲ್ಲಿ ನೂರಾರು ಮೊಗ್ಗು ಇರುತ್ತಲ್ಲ, ಎಲ್ಲದರ ಸುತ್ತ ಹೀಗೆ ಹಚ್ಚೋಕೆ ಸಾಧ್ಯನಾ? ನಾನಾದ್ರೆ ಕೊನೆಯಲ್ಲಿ ವೈಟ್ ಗ್ವಾಶ್ (ಕೆಳಗಿನದು ಕಾಣದ ಹಾಗೆ ಮುಚ್ಚೋ ಗಟ್ಟಿ ಬಿಳಿ ಬಣ್ಣ) ತಗೊಂಡು ನಾಲ್ಕು ಮೊಗ್ಗಿನ ತುದಿ ಎತ್ತಿಕೊಡ್ತೀನಿ. ಅದರಲ್ಲಿ ತಪ್ಪೇನಿಲ್ಲ. ಮಾಸ್ಕಿಂಗ್ ಫ್ಲೂಯಿಡ್ ಕೂಡ ಇದೆ, ಬಿಳಿ ಉಳಿಯಬೇಕಾದ ಕಡೆ ಹಚ್ಚಿ ಆಮೇಲೆ ರಬ್ಬರ್ ಥರ ಉಜ್ಜಿ ತೆಗೆಯೋದು.

ತುಂಗಾತೀರ:
ನಾಲ್ಕು ತುದಿಗೆ ಗ್ವಾಶ್ ಹಾಕೋದು ತಪ್ಪು ಅಂತ ನಾನೂ ಹೇಳಲ್ಲ. ಆದ್ರೆ ಹೊಸಬರಿಗೆ ಮೊದಲೇ ಅದನ್ನ ಕೊಟ್ರೆ ಬಿಳಿ ಉಳಿಸೋದನ್ನ ಕಲಿಯೋದೇ ಇಲ್ಲ, ಆಮೇಲೆ ಹಚ್ಚಿಕೊಂಡ್ರಾಯ್ತು ಅಂತ ಕೈ ಸೋಮಾರಿಯಾಗುತ್ತೆ. ಮಾಸ್ಕಿಂಗ್ ಫ್ಲೂಯಿಡ್ ಬಳ್ಳಾರಿ ಬಿಸಿಲಲ್ಲಿ ಹಾಳೆ ಮೇಲೆ ಜಾಸ್ತಿ ಹೊತ್ತು ಬಿಡಬೇಡಿ, ಹಿಡ್ಕೊಂಡ್ರೆ ಹಾಳೆನ ಹರಿದುಕೊಂಡೇ ಬರುತ್ತೆ. ಒಳ್ಳೇ ಬ್ರಷನ್ನಂತೂ ಅದಕ್ಕೆ ಅದ್ದಲೇಬೇಡಿ.

ನೂರಾರು ಮೊಗ್ಗಿನ ಪ್ರಶ್ನೆ ನಿಜವಾದದ್ದು. ಎಲ್ಲ ಬಿಡಿಸೋದು ಬೇಡ. ಬೆಳಕು ಬೀಳೋ ಕಡೆ ಮೊಗ್ಗುಗಳು ಒಂದರೊಳಗೊಂದು ಕರಗಿ ಬರೀ ಹಾಳೆ ಆಗಿರಲಿ. ನೆರಳಿನ ಕಡೆ ಸಂದುಗಳು ಮಾತ್ರ ಬಿಡಿಸಿ, ಸಣ್ಣ ಸಣ್ಣ ಹಸಿರುಬೂದು ತ್ರಿಕೋನಗಳು. ಎಂಟು ಹತ್ತು ಮೊಗ್ಗು ಸ್ಪಷ್ಟ ಕಂಡ್ರೆ ಮಿಕ್ಕಿದ್ದನ್ನ ನೋಡೋರ ಕಣ್ಣೇ ತುಂಬ್ಕೊಳ್ಳುತ್ತೆ.

ಶಂಖಪುಷ್ಪ:
ಗೋಡೆಗೆ ಹಾಕ್ತೀನಿ ಅಂದ್ರಲ್ಲ, ಒಂದು ಎಚ್ಚರಿಕೆ. ಬಿಸಿಲು ಬೀಳೋ ಗೋಡೆ ಬೇಡ. ಕೆಲವು ಗುಲಾಬಿ ಬಣ್ಣಗಳು ಬೇಗ ಹಾರಿಹೋಗ್ತವೆ. ಒಪೆರಾ ರೋಸ್ ಅಂತ ಕಣ್ಣು ಕುಕ್ಕೋ ಗುಲಾಬಿ ಇದೆ, ನಾನು ಅದರಲ್ಲಿ ತಬೆಬುಯಾ ಮರ ಬಿಡಿಸಿ ಕಿಟಕಿ ಎದುರು ಹಾಕಿದ್ದೆ, ವರ್ಷದಲ್ಲಿ ಹೂವೆಲ್ಲ ಉದುರಿಹೋದ ಮರ ಆಯ್ತು. ಅಲಿಜರಿನ್ ಕ್ರಿಮ್ಸನ್ ಕೂಡ ಹಾಗೇ, ಟ್ಯೂಬ್ ಮೇಲೆ ಪಿಗ್ಮೆಂಟ್ ಗುರುತು ಬರೆದಿರುತ್ತೆ, ಪಿಆರ್ 83 ಅಂತಿದ್ರೆ ಉಳಿಯೋ ಬಣ್ಣ ಅಲ್ಲ. ಪಿವಿ 19 ಅಂತಿರೋ ರೋಸ್ ಹುಡುಕಿ. ಮನೇಲೇ ಪರೀಕ್ಷೆ ಮಾಡಬಹುದು, ಒಂದು ಪಟ್ಟಿ ಹಾಳೆಗೆ ನಿಮ್ಮ ಬಣ್ಣ ಎಲ್ಲ ಹಚ್ಚಿ, ಅರ್ಧ ರಟ್ಟಲ್ಲಿ ಮುಚ್ಚಿ ಕಿಟಕಿಗೆ ಅಂಟಿಸಿ. ಬಳ್ಳಾರಿ ಬಿಸಿಲಿಗೆ ಎರಡು ತಿಂಗಳಲ್ಲಿ ಉತ್ತರ ಸಿಗುತ್ತೆ.

ಕಡಲಕರೆ:
ನಮ್ಮ ಕಡೆಯವರಿಗೆ ಒಂದು ಸೇರಿಸ್ತೇನೆ, ಮಳೆಗಾಲದಲ್ಲಿ ಹಾಳೆಗಳನ್ನ ಗಾಳಿಯಾಡದ ಕವರಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಇಲ್ಲದಿದ್ರೆ ಹಾಳೆಗೆ ಬೂಸ್ಟು ಬರ್ತದೆ, ಆ ಜಾಗ ಆಮೇಲೆ ಬಣ್ಣ ಹಾಕಿದಾಗ ಚುಕ್ಕೆಚುಕ್ಕೆಯಾಗಿ ಹೀರಿಕೊಳ್ತದೆ. ಜೇನು ಹಾಕಿ ಮಾಡಿದ ಬಣ್ಣಗಳು ಸಹ ಇಲ್ಲಿ ಪ್ಯಾಲೆಟಲ್ಲಿ ಒಣಗುದೇ ಇಲ್ಲ, ಇರುವೆ ಬರ್ತದೆ. ಬಳ್ಳಾರಿಗೆ ಅದೇ ಬಣ್ಣ ಒಳ್ಳೆಯದಾದೀತು.

ಬಳ್ಳಾರಿ_ಬಿಸಿಲು:
ಹದಿನೆಂಟು ದಿನ ಆಯ್ತು, ಹೇಳೋಕೆ ತುಂಬ ಇದೆ.

ಮೊದಲ ವಾರ ಬರೀ ಒಂದೊಂದೇ ಮೊಗ್ಗು. ತುಂಗಾತೀರದವರು ಹೇಳಿದ ಹಾಗೆ ಒಳಗೆ ಏನೂ ಹಾಕದೆ ಹೊರಗಡೆ ಹಸಿರು. ಮೊದಲ ಮೂರು ದಿನ ಕೈ ತಡೀಲೇ ಇಲ್ಲ, ಒಳಗೆ ಏನಾದ್ರೂ ಹಾಕಬೇಕು ಅನ್ಸೋದು, ಖಾಲಿ ಬಿಟ್ರೆ ಕೆಲಸ ಮಾಡೇ ಇಲ್ಲ ಅನ್ಸೋದು. ನಾಲ್ಕನೇ ದಿನ ಹಾಳೆನ ಫ್ರಿಜ್‌ಗೆ ಆನಿಸಿ ಇಟ್ಟು ಅನ್ನಕ್ಕೆ ನೀರಿಡೋಕೆ ಹೋಗಿ ತಿರುಗಿ ನೋಡ್ತೀನಿ, ಮೊಗ್ಗು ಅಲ್ಲಿತ್ತು. ನಾನು ಹಚ್ಚದೇ ಇದ್ದದ್ದು ಎಲ್ಲಕ್ಕಿಂತ ಬೆಳ್ಳಗೆ ಕಾಣ್ತಿತ್ತು. ಗ್ಯಾಸ್ ಹಚ್ಚೋದು ಮರೆತು ನಿಂತಿದ್ದೆ.

ಆಮೇಲೆ ಎರಡು, ಆಮೇಲೆ ಐದು ಮೊಗ್ಗಿನ ಗೊಂಚಲು. ಇಲ್ಲಿ ಮಾರ್ಕೆಟಲ್ಲಿ ದುಂಡು ಮಲ್ಲಿಗೆ ಸಿಗುತ್ತೆ, ಸಂಜೆ ಆದ್ರೆ ಅರಳಿಬಿಡುತ್ತೆ, ಅದಕ್ಕೆ ಒದ್ದೆ ಬಟ್ಟೆ ಸುತ್ತಿ ಫ್ರಿಜ್ಜಲ್ಲಿಟ್ಟು ರಾತ್ರಿ ತೆಗೆದು ನೋಡ್ಕೊಂಡು ಬಿಡಿಸಿದೆ. ಟೇಬಲ್ ಲ್ಯಾಂಪ್ ಒಂದೇ ಕಡೆಯಿಂದ ಹಾಕಿ ಕೂತ್ರೆ ನೆರಳು ಎಲ್ಲಿದೆ ಅಂತ ಸುಲಭವಾಗಿ ಗೊತ್ತಾಗುತ್ತೆ, ಟ್ಯೂಬ್‌ಲೈಟಲ್ಲಿ ಬಿಳಿ ಹೂವಿನ ನೆರಳೇ ಕಾಣಲ್ಲ, ಇದು ನಾನೇ ಕಂಡ್ಕೊಂಡಿದ್ದು, ಯಾರಿಗಾದ್ರೂ ಉಪಯೋಗ ಆಗಬಹುದು.

ನಿನ್ನೆ ಚೆಂಡು ಬಿಡಿಸಿದೆ. ಕಾಟನ್ ಹಾಳೆಯ ಒಂದು ತುಂಡು ತೆಗೆದೆ ಧೈರ್ಯ ಮಾಡಿ. ಹಿಂದುಗಡೆ ಬಾಳೆ ಎಲೆ ಹಸಿರು, ಹಾಳೆ ಎರಡೂ ಕಡೆ ಒದ್ದೆ ಮಾಡಿ ಹಾಕಿದೆ, ಚೆಂಡಿನ ಅಂಚಲ್ಲಿ ಮಾತ್ರ ಒಣ ಹಾಳೆ ಮೇಲೆ ಚೂಪಾಗಿ. ಬೆಳಕಿನ ಕಡೆ ಬರೀ ಹಾಳೆ ಬಿಟ್ಟೆ. ನೆರಳಿನ ಕಡೆ ಸಂದುಗಳು. ಒಂಬತ್ತು ಮೊಗ್ಗು ಸ್ಪಷ್ಟ ಇದಾವೆ. ಒಂದು ಕಡೆ ಹಸಿರು ಒಳಗೆ ನುಗ್ಗಿತು, ತಕ್ಷಣ ಹಿಂಡಿದ ಬ್ರಷಲ್ಲಿ ಎತ್ತಿದೆ, ಮುಕ್ಕಾಲು ಬಂತು, ಅದನ್ನೇ ನೆರಳು ಮಾಡಿದೆ. ಗ್ವಾಶ್ ಹಾಕಲಿಲ್ಲ.

ಅಮ್ಮನಿಗೆ ಬೆಳಗ್ಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ಕಿಟಕಿ ಹತ್ರ ಹಿಡಿದು ತುಂಬಾ ಹೊತ್ತು ನೋಡಿದ್ರು. "ಹೂವು ಸರಿ ಉಂಟು, ಕಟ್ಟಿದ್ದು ಸರಿ ಇಲ್ಲ" ಅಂದ್ರು. ನಾನು ಮೊಗ್ಗುಗಳನ್ನ ಹೂವಿನಂಗಡಿ ಮಾಲೆ ಥರ ಒಂದೇ ಕಡೆ ಮುಖ ಮಾಡಿ ಬಿಡಿಸಿದ್ದೆ. ಅವರು ಕಟ್ತಿದ್ದ ರೀತಿ ಬೇರೆ, ಮೊಗ್ಗು ಎದುರುಬದುರಾಗಿ ಕೂರುತ್ತೆ, ನಡುವೆ ನಾರು ಒತ್ತಾಗಿ ಬರುತ್ತೆ. ನಲವತ್ತು ವರ್ಷ ಎದುರಿಗೇ ಕಟ್ಟಿದ್ದನ್ನ ನೋಡಿದ್ದೆ, ನೋಡಿರಲಿಲ್ಲ ಅಂತ ಈಗ ಗೊತ್ತಾಯ್ತು.

ತುಂಗಾತೀರ:
ಅಕ್ಕ, "ಹೂವು ಸರಿ ಉಂಟು" ಅಂದ್ರಲ್ಲ ಅಮ್ಮ! ನಲವತ್ತು ವರ್ಷ ಮಲ್ಲಿಗೆ ಮುಟ್ಟಿದ ಕಣ್ಣು ಅದು.

ಬಣ್ಣದ_ಮಾಸ್ತರ:
ತಂಗಿ, ಆ ಚಿತ್ರ ಹಾಂಗ ಇಟ್ಟಿರ್ರಿ, ಕೆಡಿಸಬ್ಯಾಡ್ರಿ, ಹಿಂದ ತಾರೀಖು ಹಾಕ್ರಿ. ಬಾಳಿನಾರಿಗೆ ಮಣ್ಣಿನ ಹಳದಿ ಅಂದ್ರ ಯಲ್ಲೋ ಓಕರ್‌ಗೆ ಒಂಚೂರು ಬರ್ಂಟ್ ಸಿಯೆನ್ನಾ, ಬ್ರಷ್ ಬಹುತೇಕ ಒಣ ಇಟ್ಟು ಎಳೀರಿ, ಹಾಳಿ ತರಿಗೆ ತಾಗಿ ಗೆರಿ ಅಲ್ಲಲ್ಲಿ ತುಂಡಾಗತೈತಿ, ನಾರು ಕಂಡಂಗನ ಕಾಣತೈತಿ.

ಬಳ್ಳಾರಿ_ಬಿಸಿಲು:
ಸರಿ ಮಾಸ್ತರೆ, ತಾರೀಖು ಹಾಕಿದೆ. ಪಕ್ಕದ ಮನೆಯವರ ಹಿತ್ತಲಲ್ಲಿ ಬಾಳೆ ಇದೆ, ಒಣಗಿದ ಪಟ್ಟೆ ಕೇಳಿ ತಂದು ನೀರಲ್ಲಿ ನೆನೆಹಾಕಿದೀನಿ. ನಾಳೆ ಶನಿವಾರ, ಮಾರ್ಕೆಟಿಂದ ಮೊಗ್ಗು ತರ್ತೀನಿ, ಅಮ್ಮ ಕೂತಲ್ಲೇ ಒಂದು ಮೊಳ ಕಟ್ಟಿ ಕೊಡ್ತಾರಂತೆ, ಕಟ್ಟೋವಾಗ ಪಕ್ಕದಲ್ಲೇ ಪೆನ್ಸಿಲ್ ಹಿಡ್ಕೊಂಡು ಕೂರು ಅಂದಿದಾರೆ.